ಹನ್ನೆರಡು ಕಂಬದ ಮಾತು

ನಾಟಕದ ಹಿಂದಿನ ದಿನ ಅಪ್ಪ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದ. ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಶನಿವಾರವಾದ್ದರಿಂದ ಶಾಲೆ ಬೆಳಿಗ್ಗೆಯೇ ಮುಗಿದಿತ್ತು. ಹೊಸದುರ್ಗದ ಹೈಸ್ಕೂಲೊಂದರಲ್ಲಿ ನಾನು ಗುಮಾಸ್ತ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಿದ್ದೆ. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನದು, ಹೊರಕೆರೆದೇವಪುರದಿಂದ ಒಳಗೆ ನಡೆದು ಹೋಗಬೇಕಾದ ಊರು.

ನಾನು ಚಪ್ಪಲಿ ಬಿಡುವಾಗ ಕೆಳಗಿನ ಕೇರಿಯವನೊಬ್ಬ ಜಗಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಒಂದು ಹುಣಸೆಮರ. ಅದು ಯಾರಿಗೆ ಸೇರಿದ್ದು ಎಂದು ಕೇಳಲು ಬಂದಿದ್ದ.

"ನೆಟ್ಟಿದ್ದು ನಿಮ್ಮಜ್ಜ," ಅಪ್ಪ ತಲೆ ಎತ್ತದೆ ಹೇಳಿದ. "ಆದ್ರೆ ನೆಟ್ಟಿದ್ದು ಅವರ ಹೊಲದಾಗೆ. ಆವಾಗ ಬದು ನಾಕು ಮಾರು ಮೇಲಿತ್ತು. ಮಳೆಗೆ ಕೊಚ್ಚಿ ಹೋದ ಮ್ಯಾಲೆ ಕೆಳಗೆ ಹಾಕಿದ್ರು. ಹಣ್ಣು ಇಬ್ರೂ ಬಡ್ಕಳಾದು ಅಂತ ಮಾತಾಗಿತ್ತು. ನಾನೇ ನಿಂತಿದ್ದೆ ಅಲ್ಲಿ."

"ಯಾವ ವರ್ಸ ಮಾವ?"

"ನಿಮ್ಮಪ್ಪನ ಮದುವೆ ಆದ ವರ್ಸ. ಪಾಯಸ ಸೀದಿತ್ತು. ಬೇಕಾದ್ರೆ ನಿಮ್ಮವ್ವನ್ನ ಕೇಳು."

ಒಳಗಿನಿಂದ ಅವ್ವ ಹೇಳಿದಳು: "ಯಾರ ಮನೆ ಪಾಯಸ ಸೀದಿತ್ತು ಅನ್ನಾದು ಒಂದೂ ಮರೆಯಲ್ಲ. ಸಂತೆಯಿಂದ ಉಪ್ಪು ತಗಂಬರ್ರಿ ಅಂದಿದ್ದು ಮಾತ್ರ ಮರ್ತೋಗುತ್ತೆ."

ಅವನು ನಗುತ್ತ ಎದ್ದು ಹೋದ. ಊರಿನಲ್ಲಿ ಇದು ನಡೆದುಬಂದದ್ದೇ ಹೀಗೆ. ಬದುವಿನ ಜಗಳ, ಯಾರು ಯಾರಿಗೆ ಏನಾಗಬೇಕು, ಯಾವ ಬಾವಿಯನ್ನು ಯಾರು ತೋಡಿಸಿದರು ಎಂಬ ಮಾತು ಬಂದರೆ ಜನ ನಮ್ಮ ಜಗಲಿಗೆ ಬರುತ್ತಿದ್ದರು. ಅಪ್ಪ ಓದಿದ್ದು ಎರಡನೇ ಕ್ಲಾಸು. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದ. ತೊಂಬತ್ತರ ದಶಕದ ನಡುವಿನ ಆ ಶನಿವಾರದ ನಂತರ ಅವನು ಯಾರಿಗೂ ಹಾಗೆ ಉತ್ತರ ಕೊಡಲಿಲ್ಲ. ಕಾರಣ ನಾನು.

ನಮ್ಮೂರ ದೊಡ್ಡಮನೆಯ ಬಗ್ಗೆ ಹೇಳಬೇಕು. ಪಾಳೆಯಗಾರರ ಕಾಲದಲ್ಲಿ ಕಟ್ಟಿದ್ದು ಎನ್ನುತ್ತಾರೆ. ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಹನ್ನೆರಡು ಮರದ ಕಂಬ. ಆ ತೊಟ್ಟಿಯಲ್ಲಿ ಒಂದು ಹಳೆಯ ನಗೆನಾಟಕ ಆಡುವ ರೂಢಿ ಇತ್ತು. ಅಪ್ಪನ ಅಜ್ಜನ ಕಾಲಕ್ಕೇ ಅದು ಹಳೆಯದು. ಬೇರೆ ನಾಟಕಗಳನ್ನೆಲ್ಲ ಊರ ಮುಂದೆ ಚಪ್ಪರ ಹಾಕಿ ರಾತ್ರಿ ಆಡಿದರೆ ಇದನ್ನು ಮಾತ್ರ ದೊಡ್ಡಮನೆಯ ಒಳಗೆ, ಹಗಲು ಹೊತ್ತಿನಲ್ಲಿ ಆಡಬೇಕು. ಯಾಕೆಂದರೆ ನಾಟಕದ ಕತೆ ನಡೆಯುವುದು ಊಟದ ಹೊತ್ತಿನಲ್ಲಿ. ಒಬ್ಬ ದೊಡ್ಡ ಮನೆತನದ ಯಜಮಾನ; ನೆಂಟರಿಗೆ ಅನ್ನ ಹಾಕುವುದೆಂದರೆ ಅವನಿಗೆ ಪ್ರಾಣಸಂಕಟ. ಮೂವರು ನೆಂಟರು ಬಂದು ಕೂತವರು ಏಳುವುದೇ ಇಲ್ಲ. ಅಷ್ಟೇ ಕತೆ.

ಅದು ಆ ಮನೆಯವರನ್ನೇ ಆಡಿಕೊಳ್ಳುವ ನಾಟಕ. ಹಾಗಾಗಿ ದೊಡ್ಡಮನೆಯ ನಿಜವಾದ ಯಜಮಾನರು ಪೇಟ ಸುತ್ತಿಕೊಂಡು ಮುಂದಿನ ಚಾಪೆಯಲ್ಲಿ ಕೂತು ಅದನ್ನು ಪೂರ್ತಿ ನೋಡಬೇಕು. ಮುಗಿದ ಮೇಲೆ ಯಜಮಾನನ ಪಾರ್ಟು ಮಾಡಿದವನನ್ನು ತಮ್ಮ ಜಾಗದಲ್ಲಿ ಕೂರಿಸಿ, ಆ ಮನೆಯ ಮೊದಲ ಎಲೆಯನ್ನು ಅವನಿಗೆ ಹಾಕಿಸಬೇಕು. ಸಂಜೆಯವರೆಗೆ ಊರೆಲ್ಲ ಅವನನ್ನೇ ಯಜಮಾನ್ರೆ ಎಂದು ಕರೆಯುತ್ತಿತ್ತು. ನಾನು ಆರೇಳು ವರ್ಷದವನಿದ್ದಾಗ ಅಪ್ಪ ಆ ಪಾರ್ಟು ಮಾಡಿದ್ದ. ಆಮೇಲೆ ಇಪ್ಪತ್ತು ವರ್ಷ ನಾಟಕ ನಿಂತುಹೋಗಿತ್ತು.

ಮತ್ತೆ ಆಡುವ ಮಾತು ಬಂದದ್ದು ದೊಡ್ಡಮನೆಯ ಮಾಳಿಗೆ ಸೋರತೊಡಗಿದ ಮೇಲೆ. ಮಳೆಗಾಲದೊಳಗೆ ಅದನ್ನು ಕೆಡವಿ ಆರ್‌ಸಿಸಿ ಹಾಕಿಸುತ್ತೇನೆ, ಅದಕ್ಕೆ ಮುಂಚೆ ಒಂದು ಸಲ ನಾಟಕ ಆಗಿಬಿಡಲಿ ಎಂದು ಯಜಮಾನರೇ ಹೇಳಿಕಳಿಸಿದರು. ಯಜಮಾನನ ಪಾರ್ಟು ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಆ ನಾಟಕದ ಜೀವ ಇರುವುದು ಹನ್ನೆರಡು ಕಂಬದ ಮಾತಿನಲ್ಲಿ. ನೆಂಟರನ್ನು ಹೆದರಿಸಿ ಓಡಿಸಲು ಯಜಮಾನ ಅವರನ್ನು ಕಂಬದಿಂದ ಕಂಬಕ್ಕೆ ಕರೆದುಕೊಂಡು ಹೋಗಿ ಒಂದೊಂದರ ದೋಷವನ್ನೂ ಹೇಳುತ್ತಾನೆ. ಅಚ್ಚಾದ ಪುಸ್ತಕದಲ್ಲಿ ಇದು ನಾಲ್ಕು ಸಾಲು ಇತ್ತಂತೆ. ನಮ್ಮೂರಿನಲ್ಲಿ ಪಾರ್ಟು ಮಾಡಿದವರೆಲ್ಲ ಒಂದೊಂದು ಸೇರಿಸಿ ಅದನ್ನು ಹನ್ನೆರಡು ಕಂಬಕ್ಕೂ ಬೆಳೆಸಿದ್ದರು. ಅಷ್ಟನ್ನೂ ಬರೆದಿಟ್ಟ ಪುಸ್ತಕ ಒಂದೇ ಒಂದು. ಅದು ಹೊಳಲ್ಕೆರೆಯ ನಾಟಕದ ಮಾಸ್ತರ ಹತ್ತಿರ ಇತ್ತು.

ಪುಸ್ತಕವನ್ನು ಎಲ್ಲರ ಕೈಗೂ ಕೊಡುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬರ ಮಾತನ್ನು ಬೇರೆ ಬೇರೆ ನೋಟುಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಅದರಲ್ಲಿ ಅವನ ಮಾತು ಮಾತ್ರ ಇರುತ್ತದೆ, ಜೊತೆಗೆ ಅವನಿಗಿಂತ ಮುಂಚೆ ಮಾತಾಡುವವನ ಕೊನೆಯ ಎರಡು ಪದ. ಆ ಎರಡು ಪದ ಕಿವಿಗೆ ಬಿದ್ದ ತಕ್ಷಣ ತನ್ನ ಮಾತು ಎತ್ತಿಕೊಳ್ಳಬೇಕು. ಉಳಿದವರು ಏನು ಹೇಳುತ್ತಾರೆ ಎಂಬುದು ಕೂಡಿ ಕಲಿಯುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಅಕ್ಷರ ದುಂಡಗಿದ್ದುದರಿಂದ ಬರೆಯುವ ಕೆಲಸ ನನಗೆ ಬಂತು. ನಾಟಕದ ದಿನ ಬಾಗಿಲ ಹಿಂದೆ ನಿಂತು, ಮಾತು ಮರೆತವರಿಗೆ ಎತ್ತಿಕೊಡುವ ಕೆಲಸವೂ ನನ್ನದೇ.

ಬರೆಯುತ್ತ ಕಂಬದ ಮಾತಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಆ ಚಳಿಗಾಲದಲ್ಲಿ ಅಪ್ಪ ಆದಿವಾಲದ ನೆಂಟರ ಮನೆಗೆ ಹೋಗಿ ಬರುವಾಗ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಚೀಲ ಎತ್ತಿಕೊಂಡು ಬಂದಿದ್ದ. ಅದರೊಳಗೆ ಒಂದು ಹೆಂಗಸಿನ ಎರಡು ಸೀರೆ, ಒಂದು ತೆಂಗಿನಕಾಯಿ. ಇನ್ನೊಂದು ಸಲ ನಾನು ಎದುರಿಗೆ ಬರುತ್ತಿದ್ದರೆ ಯಾರಪ್ಪ ಎಂದು ಕೇಳಿದ್ದ. ಅಪ್ಪನ ತಲೆ ಸೋಲುತ್ತಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅಷ್ಟು ಉದ್ದದ ಮಾತು ಅವನಿಂದ ಆಗುವುದಿಲ್ಲ, ಊರೆಲ್ಲರ ಮುಂದೆ ತಡವರಿಸುತ್ತಾನೆ ಎನಿಸಿತು. ಐದು ಕಂಬ ಬರೆದು ಉಳಿದ ಏಳನ್ನು ಬಿಟ್ಟೆ. ಯಜಮಾನನ ಮಾತು ಮುಗಿದ ಮೇಲೆ ಹಿರಿಯ ನೆಂಟ ಮಾತಾಡಬೇಕು. ಅವನ ನೋಟುಪುಸ್ತಕದಲ್ಲಿ ಐದನೇ ಕಂಬದ ಕೊನೆಯ ಎರಡು ಪದ ಬರೆದೆ. ನಡುವೆ ಕತ್ತರಿಸಿ ಸೇರಿಸಿದ ಹೊಲಿಗೆ ಕಾಣಲಿಲ್ಲ.

ಅಪ್ಪನ ಮಾನ ಉಳಿಸಲು ಹೀಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಆಗ ನನಗೆ ಹೆಣ್ಣು ನೋಡುತ್ತಿದ್ದರು. ಆ ಕಡೆಯವರೂ ನಾಟಕಕ್ಕೆ ಬರುವವರಿದ್ದರು. ಅರ್ಧ ಭಯ ಅಪ್ಪನಿಗಾಗಿ, ಅರ್ಧ ನನಗಾಗಿ. ಕೈ ನೋಯುತ್ತಿತ್ತು ಎಂಬುದೂ ಉಂಟು.

ಕಲಿಯಲು ಶುರುಮಾಡಿದ ಎರಡನೇ ವಾರ ಮಾಸ್ತರು ಹಾರ್ಮೋನಿಯಂ ಮುಚ್ಚಿ ನನ್ನನ್ನು ಪಕ್ಕಕ್ಕೆ ಕರೆದರು.

"ಕಂಬ ಕಮ್ಮಿ ಆದ್ವಲ್ಲಪ್ಪ."

"ಅಪ್ಪಂಗೆ ವಯಸ್ಸಾಯ್ತಲ್ರಿ ಮಾಸ್ತರೆ. ಅದಕ್ಕೇ ಕಡಿಮೆ ಮಾಡಿದೆ."

"ನಿಮ್ಮಪ್ಪನ ಪಾರ್ಟು. ನಾನೇನು ಹೇಳಲಿ. ಅವರಿಗೆ ಹೇಳಿದೀಯೋ ಇಲ್ವೋ?"

"ಹೇಳಿದೀನ್ರಿ," ಎಂದೆ.

ಹೇಳಿರಲಿಲ್ಲ. ಓದಲು ಕಷ್ಟವಾದ್ದರಿಂದ ಅಪ್ಪ ಪಾರ್ಟನ್ನು ನನ್ನ ಬಾಯಿಂದ ಕೇಳಿ ಕಲಿಯುತ್ತಿದ್ದ. ಭಾನುವಾರ ಬೆಳಿಗ್ಗೆ ನಾನು ಓದುವುದು, ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳುವುದು. ಐದನೇ ಕಂಬ ಮುಗಿದಾಗ ಒಮ್ಮೆ ಕಣ್ಣು ಬಿಟ್ಟ.

"ಇಷ್ಟೇಯೇನಲೇ?"

"ಇಷ್ಟೇ."

"ಇನ್ನಾ ಐತೆ ಅನ್ಸುತ್ತಪ್ಪ. ತೊಟ್ಟಿ ಪೂರಾ ಸುತ್ತುತಿದ್ದೆ ನಾನು."

"ಪುಸ್ತಕದಾಗೆ ಇಷ್ಟೇ ಐತೆ ಅಪ್ಪ. ನೀನು ಬೇರೆ ಯಾವ್ದೋ ನಾಟಕದ್ದು ನೆನೆಸ್ಕಂಡಿದೀಯ."

ಅಪ್ಪ ಮತ್ತೆ ಕಣ್ಣು ಮುಚ್ಚಿದ. "ಇರಬೌದು," ಎಂದ. "ಓದಿದವನು ನೀನು."

ಆಮೇಲೆ ಅವನು ಮತ್ತೆ ಕೇಳಲಿಲ್ಲ. ಮಾಸ್ತರನ್ನೂ ಕೇಳಲಿಲ್ಲ. ಮಗ ಬರೆದದ್ದನ್ನು ಇನ್ನೊಬ್ಬರ ಹತ್ತಿರ ವಿಚಾರಿಸುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ.

ನಾಟಕದ ದಿನ, ಭಾನುವಾರ ಹನ್ನೊಂದು ಗಂಟೆಗೆ ದೊಡ್ಡಮನೆ ತುಂಬಿತು. ಹೆಂಗಸರು ಒಳಪಡಸಾಲೆಯಲ್ಲಿ, ಗಂಡಸರು ತೊಟ್ಟಿಯ ಸುತ್ತ, ಹುಡುಗರು ಮಾಳಿಗೆಯ ಮೇಲೆ ಕಾಲು ಇಳಿಬಿಟ್ಟುಕೊಂಡು. ಮಾಳಿಗೆ ಬೀಳುತ್ತದೆ ಇಳೀರಲೇ ಎಂದು ಯಾರೋ ಕೂಗಿದರೆ, ಹೆಂಗೂ ಕೆಡವ್ತಾರಲ್ಲ ಬಿಡ್ರಿ ಎಂದು ಮೇಲಿನಿಂದ ಉತ್ತರ ಬಂತು. ಯಜಮಾನರು ಪೇಟ ಸರಿಮಾಡಿಕೊಂಡು ಚಾಪೆಯ ಮೇಲೆ ಕೂತು ಅಪ್ಪನಿಗೆ ಹೇಳಿದರು: "ಬೈಯೋದಾದ್ರೆ ಚೆನ್ನಾಗಿ ಬೈಯಪ್ಪ. ಅರ್ಧಂಬರ್ಧ ಬೈಸ್ಕಳಾಕೆ ನಾನು ಪೇಟ ಕಟ್ಕಂಡಿಲ್ಲ."

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕೈಯಲ್ಲಿ ನಾನು ಬರೆದ ಪ್ರತಿ. ಮಾಸ್ತರ ಪುಸ್ತಕ ಪಕ್ಕದ ಗೂಡಿನಲ್ಲಿತ್ತು, ಕೈಗೆ ಸಿಗುವಷ್ಟು ಹತ್ತಿರ.

ಅಪ್ಪ ಬಂದ ಕ್ಷಣದಿಂದ ಜನ ನಗತೊಡಗಿದರು. ಅವನು ಮಾಡಿದ್ದೇನೂ ಇಲ್ಲ. ನೆಂಟರು ಬಂದದ್ದನ್ನು ನೋಡಿ ಒಳಗಿನ ಒಲೆಯ ಕಡೆ ಒಮ್ಮೆ ನೋಡಿದ ಅಷ್ಟೆ. ಕಂಬದ ಮಾತು ಬಂತು. ಮೊದಲನೇ ಕಂಬಕ್ಕೆ ಕೈ ಹಚ್ಚಿ, "ಇದಕ್ಕೆ ಒರಗಬ್ಯಾಡ್ರಿ. ನಮ್ಮಜ್ಜ ಊಟಕ್ಕೆ ಮುಂಚೆ ಒಂದು ಗಳಿಗೆ ಒರಗಿದ್ದ. ಇನ್ನಾ ಎದ್ದಿಲ್ಲ," ಎಂದ. ಎರಡನೆಯದಕ್ಕೆ ಗೆದ್ದಲು, ಉಂಡವರು ಜೋರಾಗಿ ಉಸಿರು ಬಿಟ್ಟರೆ ಮಾಳಿಗೆ ಕೂರುತ್ತದೆ. ಮೂರನೆಯದರಲ್ಲಿ ಹಾವು. "ಒಳ್ಳೇದು ಪಾಪ. ಮನೆಯವರಿಗೇನೂ ಮಾಡಲ್ಲ. ನೆಂಟ್ರು ಅಂದ್ರೆ ಮಾತ್ರ ಆಗಿಬರಲ್ಲ." ಯಜಮಾನರು ಪೇಟ ಬಿಚ್ಚಿ ಕಣ್ಣೊರೆಸಿಕೊಂಡರು. ಐದನೇ ಕಂಬದ ಮಾತು ಹೀಗೆ: "ಈ ಕಂಬ ಹಿಡ್ಕಂಡು ನನ್ನ ಹೆಂಡ್ತಿ ಅಳ್ತಾಳೆ, ದಿನಾ ಅಕ್ಕಿ ಅಳೀವಾಗ."

ಹಿರಿಯ ನೆಂಟನ ಪಾರ್ಟು ನಮ್ಮೂರ ಟೈಲರದು. ಬಹಳ ಕಟ್ಟುನಿಟ್ಟಿನ ಮನುಷ್ಯ. 'ಅಕ್ಕಿ ಅಳೀವಾಗ' ಎಂಬುದು ಕಿವಿಗೆ ಬಿದ್ದದ್ದೇ ಅವನು ಎದೆ ಸೆಟೆಸಿ, "ಹಂಗಾದ್ರೆ ತೊಟ್ಟಿ ನಡುವೇನೇ ಎಲೆ ಹಾಕ್ರಿ ಯಜಮಾನ್ರೆ," ಎಂದ.

ಅಪ್ಪ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನ ಕೈ ಆಗಲೇ ಆರನೇ ಕಂಬದ ಮೇಲಿತ್ತು. "ಈ ಕಂಬಕ್ಕೆ ಕಿವಿ ಭಾಳ ಚುರುಕು. ಅನ್ನ ಅಂದ್ರೆ ಸಾಕು, ಅಲ್ಲಾಡುತ್ತೆ. ಮೆಲ್ಲಕೆ ಮಾತಾಡ್ರಿ." ದನಿ ಬೇರೆಯಾಗಿತ್ತು. ನಾನು ಓದಿಸಿ ಕಲಿಸಿದ ದನಿಯಲ್ಲ ಅದು. ಇಪ್ಪತ್ತು ವರ್ಷ ಹಿಂದಿನ ಮಾತು ಆ ಕಂಬ ಮುಟ್ಟಿದೊಡನೆ ಹಾಗೇ ಎದ್ದು ಬಂದಿತ್ತು. ಮೈ ಸಹ ಹಗುರವಾಗಿ, ಅವನು ಏಳನೇ ಕಂಬದ ಹತ್ತಿರ ಹೋದ. "ಇದು ಕಂಬ ಅಲ್ರಿ. ಇವನೂ ನಿಮ್ಮಂಗೇ ಒಬ್ಬ ನೆಂಟ. ಊಟಕ್ಕೆ ಅಂತ ಬಂದು ನಿಂತ…"

ಟೈಲರು ತನ್ನ ಮಾತು ಯಾರಿಗೂ ಕೇಳಿಸಲಿಲ್ಲವೆಂದು ಇನ್ನೂ ಜೋರಾಗಿ ಹೇಳಿದ: "ತೊಟ್ಟಿ ನಡುವೇನೇ ಎಲೆ ಹಾಕ್ರಿ ಯಜಮಾನ್ರೆ."

ಅಪ್ಪ ನಿಂತ. ಟೈಲರನ್ನು ನೋಡಿದ. ಆಮೇಲೆ ನಾನಿದ್ದ ಬಾಗಿಲ ಕಡೆ ನೋಡಿದ.

ಆಗ ನಾನು ಮಾಡಬಹುದಾದದ್ದು ಬಹಳ ಸುಲಭವಿತ್ತು. ಗೂಡಿನಲ್ಲಿದ್ದ ಪುಸ್ತಕ ತೆಗೆದು ಏಳನೇ ಕಂಬದ ಉಳಿದ ಮಾತನ್ನು ಎತ್ತಿಕೊಡಬಹುದಿತ್ತು. ಅಥವಾ ಮುಂದುವರಿಸು ಎಂದು ಮೆಲ್ಲಗೆ ಹೇಳಬಹುದಿತ್ತು. ಅಷ್ಟಾಗಿದ್ದರೆ ಉಳಿದದ್ದನ್ನು ಅವನೇ ಹೇಳುತ್ತಿದ್ದ. ನಾನು ನನ್ನ ಪ್ರತಿ ನೋಡಿ, ಟೈಲರ ಮಾತಿನ ನಂತರ ಇದ್ದ ಸಾಲನ್ನು ಪಿಸುಗುಟ್ಟಿದೆ. ಅಪ್ಪ ಕಂಬದಿಂದ ಕೈ ತೆಗೆದು, ನಾನು ಕೊಟ್ಟ ಸಾಲನ್ನು ಹೇಳಿದ. ಆ ತಬ್ಬಿಬ್ಬನ್ನೂ ನಾಟಕದ್ದೇ ಎಂದುಕೊಂಡು ಜನ ಇನ್ನಷ್ಟು ನಕ್ಕರು. ಹಳಬರಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ನಾಟಕ ಚೆನ್ನಾಗಿಯೇ ಮುಗಿಯಿತು.

ಯಜಮಾನರು ಅಪ್ಪನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ಮೊದಲ ಎಲೆ ಬಿತ್ತು. ನಾನು ಹೋಳಿಗೆ ಬಡಿಸುವಾಗ ಅಪ್ಪ ಎಲೆಯ ಅಂಚನ್ನು ಬೆರಳಿನಿಂದ ಮಡಿಚುತ್ತ ಕೂತಿದ್ದ.

"ಎಲ್ಲೆಲ್ಲೋ ಹೋಗ್ಬಿಟ್ಟೆ ಕಣಪ್ಪ," ಎಂದ ಮೆಲ್ಲಗೆ. "ಇಲ್ಲದ್ದೆಲ್ಲ ಬಾಯಿಗೆ ಬಂತು. ನೀನು ಹಿಂದೆ ಇಲ್ದಿದ್ರೆ ಮಾನ ಹೋಗ್ತಿತ್ತು."

ನಾನು ಇನ್ನೊಂದು ಹೋಳಿಗೆ ಹಾಕಿ ಮುಂದಿನ ಎಲೆಗೆ ಹೋದೆ.

ಮಾರನೆಯ ವಾರ ಆ ಕೆಳಕೇರಿಯವನು ಪಕ್ಕದ ಹೊಲದವನನ್ನೂ ಕರೆದುಕೊಂಡು ಬಂದ. ಹುಣಸೆಮರದ ಮಾತನ್ನು ಅವನೆದುರಿಗೆ ಇನ್ನೊಂದು ಸಲ ಹೇಳಬೇಕೆಂದು. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. "ನಂದು ಈಗ ನೆಪ್ಪು ಸರಿ ಇಲ್ಲಪ್ಪ. ಒಂದಕ್ಕೆ ಒಂದು ಸೇರಿಸಿಬಿಡ್ತೀನಿ. ಬ್ಯಾರೆ ಯಾರನ್ನಾದ್ರೂ ಕೇಳ್ರಿ." ಅವರು ತಮಾಷೆ ಎಂದುಕೊಂಡು ಸ್ವಲ್ಪ ಹೊತ್ತು ಕಾದರು. ಅಪ್ಪ ದನ ಕಟ್ಟುವ ಕಡೆ ಹೋದವನು ಬರಲಿಲ್ಲ. ಹಾಗೆಯೇ ಒಬ್ಬೊಬ್ಬರಾಗಿ ಜನ ಕೇಳಲು ಬರುವುದು ನಿಂತಿತು. ಮನೆಯಲ್ಲೂ ಅವನು ಏನಾದರೂ ಹೇಳಿದರೆ ಕೊನೆಗೆ ನನ್ನ ಕಡೆ ನೋಡಿ, "ಹೌದಲ್ವೇನಪ್ಪ?" ಎನ್ನತೊಡಗಿದ. ತನ್ನ ಮದುವೆಯ ವಿಷಯ ಹೇಳಿದರೂ ಹಾಗೇ ಕೇಳುತ್ತಿದ್ದ.

ಅವ್ವ ಮೊದಮೊದಲು ಬೈದಳು. "ಬಾಯಿ ತಪ್ಪಿದ್ದು ಒಂದು ಸಲ. ಅದಕ್ಕೇನು ಊರು ಬಿಡ್ತೀರಾ?" ಆಮೇಲೆ ಅವಳೂ ಸುಮ್ಮನಾದಳು.

ಎರಡು ವರ್ಷದ ನಂತರ ಅಪ್ಪನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ತಲೆಯದೇ ತೊಂದರೆ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವರು ಅಪ್ಪನನ್ನು ಅರ್ಧ ಗಂಟೆ ಮಾತಾಡಿಸಿದರು. ಆಮೇಲೆ ಟಾರ್ಚು ಹಿಡಿದು ಕಣ್ಣು ನೋಡಿದರು. ಎರಡೂ ಕಣ್ಣಿಗೆ ಪೊರೆ, ತಲೆ ನಿಮ್ಮದಕ್ಕಿಂತ ಚೆನ್ನಾಗಿದೆ ಎಂದು ನನಗೇ ಹೇಳಿದರು. ಹಿರಿಯೂರಿನ ಚೀಲ, ಎದುರಿಗೆ ಬಂದ ಮಗನನ್ನು ಯಾರೆಂದು ಕೇಳಿದ್ದು, ಎಲ್ಲ ಕಣ್ಣಿನದು.

ಪೊರೆ ತೆಗೆಸಿ ಪಟ್ಟಿ ಬಿಚ್ಚಿದ ಮೇಲೆ ಹೊಳಲ್ಕೆರೆ ಬಸ್ಸಿನಲ್ಲಿ ಊರಿಗೆ ಹೊರಟೆವು. ಅಪ್ಪ ಕಿಟಕಿ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ದಾರಿಯ ಅಂಗಡಿಗಳ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಹೇಳಿಬಿಡಬೇಕು ಎಂದುಕೊಂಡೆ. ಅಪ್ಪ, ನೀನು ಮರೆತಿರಲಿಲ್ಲ, ನಾನು ಬರೆಯಲಿಲ್ಲ. ಎರಡು ವಾಕ್ಯ.

"ಕಣ್ಣು ಸರಿ ಮಾಡಿದ್ರು," ಅಪ್ಪ ಕಿಟಕಿಯಿಂದಾಚೆ ನೋಡುತ್ತಲೇ ಹೇಳಿದ. "ತಲೆ ಸರಿ ಮಾಡೋ ಡಾಕ್ಟ್ರು ದುರ್ಗದಾಗೆ ಇಲ್ವೇನಪ್ಪ?"

"ತಲೆ ಚೆನ್ನಾಗೈತಂತೆ. ಡಾಕ್ಟ್ರೇ ಹೇಳಿದ್ರಲ್ಲ."

"ಅವರಿಗೇನು ಗೊತ್ತು. ಅವತ್ತು ಅವರು ಬಂದಿದ್ರಾ ದೊಡ್ಡಮನೆಗೆ?"

ನಾನು ನಕ್ಕೆ. ಅವನೂ ನಕ್ಕ. ಕಂಡಕ್ಟರು ಬಂದ, ಟಿಕೆಟ್ ತಗೊಂಡೆ, ಮಾತು ಅಲ್ಲಿಗೆ ಬಿಟ್ಟುಹೋಯಿತು. ಹೇಳಿದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಅವನು ಬೈಯುತ್ತಿರಲಿಲ್ಲ. ಓದಿದ ಮಗ ಸುಳ್ಳು ಹೇಳಿದ್ದಾನೆ ಎಂದು ಒಂದು ದಿನ ಮಾತು ಬಿಡುತ್ತಿದ್ದನೇನೋ. ಅದಕ್ಕೇ ಹೆದರಿದೆ. ಆ ಒಂದು ದಿನಕ್ಕೆ ಹೆದರಿ ಅವನ ಕೊನೆಯ ಆರೇಳು ವರ್ಷವನ್ನು ತೆಗೆದುಕೊಂಡೆ.

ಎರಡು ಸಾವಿರದ ನಂತರ, ಒಂದು ಕಾರ್ತಿಕದಲ್ಲಿ, ಅಪ್ಪ ಮೂರು ದಿನದ ಜ್ವರಕ್ಕೆ ಹೋದ. ಮಣ್ಣು ಮಾಡಿ ಬಂದು ಹನ್ನೊಂದು ದಿನ ಕಳೆದ ಮೇಲೆ, ಅವ್ವ ಅವನ ಅಂಗಿಗಳನ್ನು ಮಡಿಚಿಡುತ್ತ ಹೇಳಿದಳು:

"ಮಧ್ಯಾಹ್ನ ಮಲಗಿದಾಗ ಬೆರಳು ಮಡಿಚಿ ಮಡಿಚಿ ಎಣಿಸ್ತಿದ್ರು ನಿಮ್ಮಪ್ಪ. ಏನ್ರಿ ಅದು ಅಂದ್ರೆ, ಹನ್ನೆರಡು ಇದ್ವು ಕಣೇ ಅಂತಿದ್ರು. ಮಗ ಓದಿದ್ದು ಐದೇ ಅಲ್ವಾ, ಸುಮ್ನೆ ಮಲಗ್ರಿ ಅಂತ ನಾನೇ ಬೈತಿದ್ದೆ."

"ಹನ್ನೆರಡೇ ಇದ್ವು ಅವ್ವ," ಎಂದೆ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ.

ಅವಳ ಕೈ ನಿಂತಿತು. ಅಂಗಿಯನ್ನು ಕೆಳಗಿಟ್ಟು ಇಷ್ಟೇ ಅಂದಳು: "ನನಗೆ ಹೇಳಿ ಏನು ಬಂತಪ್ಪ ಈಗ."

ಅದಾದ ಮೇಲೆ ನಾನು ಆ ಮಾತನ್ನು ಹುಡುಕತೊಡಗಿದೆ. ಮಾಸ್ತರು ಅಪ್ಪನಿಗಿಂತ ಮುಂಚೆಯೇ ಹೋಗಿದ್ದರು. ಹೊಳಲ್ಕೆರೆಯ ಅವರ ಮನೆಗೆ ಹೋದೆ. ಮಕ್ಕಳು ಕಾಫಿ ಕೊಟ್ಟರು, ಅಟ್ಟ ಹತ್ತಿ ಹುಡುಕಿದರು. ಪುಸ್ತಕಗಳು ಮನೆ ಬದಲಿಸುವಾಗ ಎಲ್ಲಿ ಹೋದವೋ ಅವರಿಗೂ ಗೊತ್ತಿರಲಿಲ್ಲ. ಟೈಲರು ತನ್ನ ನೋಟುಪುಸ್ತಕವನ್ನು ಜೋಪಾನವಾಗಿ ಇಟ್ಟಿದ್ದ. ಅದರಲ್ಲಿ ಅವನ ಮಾತು ಮಾತ್ರ ಇತ್ತು, ಜೊತೆಗೆ ನನ್ನ ಅಕ್ಷರದಲ್ಲಿ ಬೇರೆಯವರ ಎರಡೆರಡು ಪದ. ದೊಡ್ಡಮನೆಯ ಯಜಮಾನರಿಗೆ ಆಗಲೇ ಎಂಬತ್ತು ದಾಟಿತ್ತು. ಹೊಸ ತಾರಸಿಯ ಕೆಳಗೆ, ಫ್ಯಾನಿನಡಿ ಕೂತು ಯೋಚಿಸಿದರು. "ಒಂದರಾಗೆ ಬೆಕ್ಕಿಂದು ಏನೋ ಬರ್ತಿತ್ತು. ಭಾಳ ನಗಾಡಿದ್ದೆ ನಾನು," ಎಂದರು. ಊರಿನ ಹಳಬರನ್ನು ಕೇಳಿದೆ. ಎಲ್ಲರಿಗೂ ನಕ್ಕದ್ದು ನೆನಪಿದೆ, ಯಾವ ಮಾತಿಗೆ ನಕ್ಕೆವು ಎಂಬುದು ಇಲ್ಲ. ಇಂಥದ್ದನ್ನು ಕೇಳಬೇಕೆಂದರೆ ಊರಿನವರು ಬರುತ್ತಿದ್ದದ್ದು ನಮ್ಮ ಜಗಲಿಗೆ.

ನಾನೂ ಅದನ್ನು ಒಮ್ಮೆ ಓದಿದ್ದೆ. ಬಿಡಬೇಕಾದ ಭಾಗವೆಂದು ಹಾಳೆ ಮಗುಚುತ್ತ ಓದಿದ್ದೆ. ಎಷ್ಟು ಹೊತ್ತು ಕೂತರೂ ಅದು ನೆನಪಿಗೆ ಬರುವುದಿಲ್ಲ.

ಮೊದಲ ಆರು ಕಂಬದ ಮಾತನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಏಳನೆಯದು ಅರ್ಧ ಇದೆ. ಎಂಟರಿಂದ ಹನ್ನೆರಡರವರೆಗಿನದು ಇಲ್ಲ.